ದೂರ ಒಂದೇ, ಹೊತ್ತು ನೂರೆಂಟು

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ ಎಂದು ಮೊಬೈಲನ್ನು ಕೇಳಿದರೆ ತಡವಿಲ್ಲದೆ ಉತ್ತರ ಬರುತ್ತದೆ: ಹೆಚ್ಚುಕಡಿಮೆ 13,990 ಕಿಲೋಮೀಟರ್. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಎಐ 176 ವಿಮಾನ ಬೆಂಗಳೂರಿನಲ್ಲಿ ಇಳಿದಾಗ ಪತ್ರಿಕೆಗಳು ಬರೆದ ಅಂಕಿಯೇ ಬೇರೆ: ಕ್ರಮಿಸಿದ ದೂರ ಸುಮಾರು 16,000 ಕಿಲೋಮೀಟರ್. ಎರಡೂ ತಪ್ಪಲ್ಲ. ಹಾಗಾದರೆ ನಡುವಿನ ಎರಡು ಸಾವಿರ ಕಿಲೋಮೀಟರ್ ಎಲ್ಲಿಂದ ಬಂತು?

ಬೆಂಗಳೂರು ಮತ್ತು ಅಮೆರಿಕದ ನಡುವೆ ಎಲ್ಲೂ ಇಳಿಯದೆ ಹಾರಿದ ಮೊದಲ ಪ್ರಯಾಣಿಕ ವಿಮಾನ ಸೇವೆ ಅದು. ಕಾಕ್‌ಪಿಟ್ಟಿನಲ್ಲಿದ್ದ ನಾಲ್ವರೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ವಿಮಾನ ಉತ್ತರ ಧ್ರುವ ಪ್ರದೇಶದ ಮೇಲೆ ಹಾದು, ಹದಿನೇಳು ಗಂಟೆಗೂ ಮಿಕ್ಕಿ ಆಕಾಶದಲ್ಲಿದ್ದು, ಜನವರಿ 11ರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿಯಿತು. ಅಲ್ಲಿ ಒಂಬತ್ತರ ರಾತ್ರಿ ಹತ್ತಿದವರು ಇಲ್ಲಿ ಹನ್ನೊಂದರ ಬೆಳಗಿನ ಜಾವ ಇಳಿದರು. ಹತ್ತನೇ ತಾರೀಖು ಇಡೀ ವಿಮಾನದಲ್ಲೇ ಕಳೆದುಹೋಯಿತು.

ಮೊಬೈಲು ಹೇಳುವ ದೂರದ ಲೆಕ್ಕ ಸರಳ. ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ತೆಗೆದುಕೊಂಡು ದುಂಡಗಿನ ಭೂಮಿಯ ಮೇಲೆ ಅವೆರಡನ್ನೂ ಸೇರಿಸುವ ಅತಿ ಚಿಕ್ಕ ಗೆರೆಯ ಉದ್ದ ಕಂಡುಹಿಡಿಯುವುದು. ಗಣಿತದಲ್ಲಿ ಇದಕ್ಕೆ ಮಹಾವೃತ್ತದ ದೂರ ಎನ್ನುತ್ತಾರೆ. ಸಮಯದ ಲೆಕ್ಕ ಇದಕ್ಕಿಂತ ಒರಟು. ಬಂದ ದೂರವನ್ನು ಗಂಟೆಗೆ ಎಂಟುನೂರು ಚಿಲ್ಲರೆ ಕಿಲೋಮೀಟರಿನಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆಂದು ಅರ್ಧ ಗಂಟೆ ಸೇರಿಸಿ ಕೊಟ್ಟುಬಿಡುತ್ತದೆ. ಇಂಥ ಲೆಕ್ಕಕ್ಕೆ ಗಾಳಿ ಗೊತ್ತಿಲ್ಲ, ಬೆಟ್ಟ ಗೊತ್ತಿಲ್ಲ, ಯಾವ ದೇಶಕ್ಕೂ ಯಾವ ದೇಶಕ್ಕೂ ಮಾತು ನಿಂತಿದೆ ಎಂಬುದೂ ಗೊತ್ತಿಲ್ಲ.

ಗೋಡೆಗೆ ತೂಗುಹಾಕಿದ ಭೂಪಟ ನೋಡಿ ಬೆಳೆದವರಿಗೆ ಅಮೆರಿಕ ಎಂದರೆ ಪಶ್ಚಿಮಕ್ಕೆ. ಪಟದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅರಬ್ಬಿ ಸಮುದ್ರ, ಸೌದಿ, ಉತ್ತರ ಆಫ್ರಿಕ, ಅಟ್ಲಾಂಟಿಕ್ ದಾಟಿ ಕ್ಯಾಲಿಫೋರ್ನಿಯ ಸಿಗುತ್ತದೆ. ಆದರೆ ಶಾಲೆಯ ಗ್ಲೋಬ್ ತಂದು ಬೆಂಗಳೂರಿನ ಮೇಲೆ ದಾರದ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೊದ ಮೇಲೆ ಇನ್ನೊಂದು ತುದಿ ಒತ್ತಿ ಹಿಡಿದು ಬಿಗಿಯಾಗಿ ಎಳೆದರೆ ದಾರ ಬೇರೆಯೇ ದಾರಿ ಹಿಡಿಯುತ್ತದೆ. ಬೆಂಗಳೂರಿನಿಂದ ಉತ್ತರಕ್ಕೆ, ಕೊಂಚ ಪೂರ್ವಕ್ಕೆ ವಾಲಿಕೊಂಡು ತೆಲಂಗಾಣ, ಛತ್ತೀಸಗಢ, ಪ್ರಯಾಗರಾಜದ ಆಸುಪಾಸು, ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯ, ಆರ್ಕ್ಟಿಕ್ ಕರಾವಳಿ, ಅಲಾಸ್ಕ ಎಲ್ಲ ಹಾದು ಕೆನಡಾದ ಪಶ್ಚಿಮ ತೀರದ ಗುಂಟ ಕೆಳಗಿಳಿಯುತ್ತದೆ. ತೀರ ಉತ್ತರಕ್ಕೆ ಹೋದಾಗ ಅದು ಮುಟ್ಟುವುದು ಸುಮಾರು 71 ಡಿಗ್ರಿ ಅಕ್ಷಾಂಶ.

ಚಪ್ಪಟೆ ಪಟ ಯಾಕೆ ಹೀಗೆ ದಾರಿ ತಪ್ಪಿಸುತ್ತದೆ? ನಮಗೆ ಪರಿಚಿತವಾದ ಪಟದ ಮೂಲ ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ಹಡಗಿನವರಿಗಾಗಿ ಮಾಡಿದ ನಕ್ಷೆ. ದಿಕ್ಸೂಚಿ ತೋರಿದ ಒಂದೇ ದಿಕ್ಕಿಗೆ ಹಡಗು ಹೋದರೆ ಪಟದಲ್ಲಿ ಅದು ನೇರ ಗೆರೆಯಾಗಿ ಕಾಣಬೇಕು ಎಂಬುದು ಅದರ ಉದ್ದೇಶ. ಆ ಅನುಕೂಲಕ್ಕಾಗಿ ಧ್ರುವಗಳ ಕಡೆಯ ನೆಲವನ್ನೆಲ್ಲ ಹಿಗ್ಗಿಸಿ ಬರೆಯಬೇಕಾಯಿತು. ಉತ್ತರದ ಹತ್ತಿರದ ದಾರಿ ಅದರಲ್ಲಿ ಸುತ್ತುದಾರಿಯ ಹಾಗೆ ಕಾಣುತ್ತದೆ, ಅಷ್ಟೆ.

ಭೂಮಿಯ ಮೇಲೆ ಯಾವ ಎರಡು ಊರುಗಳೂ 20,000 ಕಿಲೋಮೀಟರಿಗಿಂತ ಹೆಚ್ಚು ದೂರ ಇರಲಾರವು, ಏಕೆಂದರೆ ಸುತ್ತಳತೆಯೇ ಸುಮಾರು 40,000. ಬೆಂಗಳೂರಿಗೆ ಸರಿಯಾಗಿ ಬೆನ್ನ ಹಿಂದಿರುವ ಬಿಂದು ಪೆರು ದೇಶದ ಪಶ್ಚಿಮಕ್ಕೆ ಪೆಸಿಫಿಕ್ ಸಾಗರದ ನಡುನೀರಿನಲ್ಲಿದೆ. ಆ ಲೆಕ್ಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎಂದರೆ ಹೋಗಬಹುದಾದ ಗರಿಷ್ಠ ದೂರದ ಶೇ 70ರಷ್ಟು.

ಸರಿ, ದಾರ ತೋರಿಸಿದ ದಾರಿಯಲ್ಲೇ ವಿಮಾನ ಯಾಕೆ ಹೋಗುವುದಿಲ್ಲ? ಮೊದಲ ಅಡ್ಡಿ ಟಿಬೆಟ್.

ವಿಮಾನ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಹಿಮಾಲಯ ಅದಕ್ಕೆ ತಾಗುವುದಿಲ್ಲ. ತೊಂದರೆ ಇರುವುದು ಅಕಸ್ಮಾತ್ ಒಳಗಿನ ಗಾಳಿಯ ಒತ್ತಡ ಇಳಿದುಹೋದರೆ. ಆಗ ಸೀಟಿನ ಮೇಲಿಂದ ಆಮ್ಲಜನಕದ ಮುಖವಾಡಗಳು ಜೋತುಬೀಳುತ್ತವೆ. ಹತ್ತಿದ ಕೂಡಲೇ ಗಗನಸಖಿಯರು ಕೈಯಾಡಿಸಿ ತೋರಿಸುತ್ತಾರಲ್ಲ, ಯಾರೂ ತಲೆಯೆತ್ತಿ ನೋಡದ ಆ ಮುಖವಾಡಗಳೇ. ಹೆಚ್ಚಿನ ವಿಮಾನಗಳಲ್ಲಿ ಅವುಗಳಿಗೆ ಆಮ್ಲಜನಕ ಬರುವುದು ರಾಸಾಯನಿಕ ಕ್ರಿಯೆಯಿಂದ. ಅದು ನಡೆಯುವುದು ಕಾಲು ಗಂಟೆ, ಇಪ್ಪತ್ತು ನಿಮಿಷದ ಮಟ್ಟಿಗೆ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಹತ್ತು ಸಾವಿರ ಅಡಿಗೆ, ಅಂದರೆ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು. ಅಲ್ಲಿ ಸಹಜವಾಗಿ ಉಸಿರಾಡಬಹುದು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರಿಗಿಂತ ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ಹೆಚ್ಚು ಆಮ್ಲಜನಕದ ವ್ಯವಸ್ಥೆ, ಮೊದಲೇ ಗುರುತಿಸಿಟ್ಟ ತುರ್ತು ದಾರಿ ಇದ್ದ ವಿಮಾನಗಳಿಗೆ ಮಾತ್ರ ಅಲ್ಲಿ ಕೆಲವು ಮಾರ್ಗಗಳಿವೆ. ಮಿಕ್ಕವರು ಸುತ್ತಿ ಹೋಗುತ್ತಾರೆ.

ಸುತ್ತಿದರೆ ನಷ್ಟ ಎಷ್ಟು ಎಂಬುದು ಕುತೂಹಲದ ಲೆಕ್ಕ. ಬೆಂಗಳೂರಿಂದ ತಾಷ್ಕೆಂಟಿನವರೆಗೆ ಹೋಗಿ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮಹಾವೃತ್ತ ಹಿಡಿದರೆ ಒಟ್ಟು ಸುಮಾರು 14,400 ಕಿಲೋಮೀಟರ್. ಟಿಬೆಟ್ ಪೂರ್ತಿ ತಪ್ಪಿತು, ಹೆಚ್ಚಾದದ್ದು ನಾನೂರು ಕಿಲೋಮೀಟರ್ ಮಾತ್ರ. ಆದರೆ ಹೀಗೆ ಪಶ್ಚಿಮಕ್ಕೆ ಸರಿದ ಕೂಡಲೇ ದಾರಿ 83 ಡಿಗ್ರಿ ಉತ್ತರದ ತನಕ ಏರುತ್ತದೆ. ಧ್ರುವಬಿಂದು ಅಲ್ಲಿಂದ ಏಳುನೂರೆಂಟುನೂರು ಕಿಲೋಮೀಟರ್. ಬೆಂಗಳೂರಿನ ವಿಮಾನ ಧ್ರುವ ಪ್ರದೇಶಕ್ಕೆ ಹೋದದ್ದರಲ್ಲಿ ಸಾಹಸದ ಹಂಬಲಕ್ಕಿಂತ ಜಾಮಿತಿಯ ಪಾಲೇ ದೊಡ್ಡದು. ಇದರ ಮೇಲೆ, ವಿಮಾನಗಳು ಆಕಾಶದಲ್ಲಿ ಮನಬಂದಂತೆ ಹಾರುವಂತಿಲ್ಲ. ಆಯಾ ದೇಶ ಗುರುತಿಸಿಕೊಟ್ಟ ಮಾರ್ಗದಲ್ಲಿ, ಬಿಂದುವಿನಿಂದ ಬಿಂದುವಿಗೆ ಸಾಗಬೇಕು. ಆ ದಿನದ ಗಾಳಿ ನೋಡಿ ಅತ್ತ ಇತ್ತ ಸರಿಯಬೇಕು. ಎಲ್ಲ ಕೂಡಿ ಕಾಗದದ ಮೇಲಿನ 14,000 ಆಕಾಶದಲ್ಲಿ 16,000 ಆಗುತ್ತದೆ.

ಧ್ರುವದ ಮೇಲಿನ ಹಾರಾಟಕ್ಕೆ ತನ್ನದೇ ಕಟ್ಟುಪಾಡುಗಳಿವೆ. ಇಂಧನದ ವಿಷಯವನ್ನೇ ನೋಡಿ. ಭಾರತದಲ್ಲಿ ತುಂಬುವ ಜೆಟ್ ಎ-1 ಇಂಧನ ಹೆಪ್ಪುಗಟ್ಟುವುದು ಮೈನಸ್ 47 ಡಿಗ್ರಿಯಲ್ಲಿ. ಅಮೆರಿಕದ ಒಳಗೆ ಸಾಮಾನ್ಯವಾಗಿ ಸಿಗುವ ಜೆಟ್ ಎ ಮೈನಸ್ 40ಕ್ಕೇ ಹೆಪ್ಪುಗಟ್ಟುತ್ತದೆ. ಅಂದರೆ ಬರುವಾಗಿನ ಪ್ರಯಾಣಕ್ಕೆ ಏಳು ಡಿಗ್ರಿ ಕಡಿಮೆ ಧೈರ್ಯ! ಹೊರಗಿನ ಗಾಳಿ ಮೈನಸ್ 60ಕ್ಕೂ ಕೆಳಗೆ ಹೋಗಬಹುದು. ರೆಕ್ಕೆಯೊಳಗಿನ ಟ್ಯಾಂಕು ಗಂಟೆಗಟ್ಟಲೆ ಅದೇ ಚಳಿಯಲ್ಲಿ ಇರುತ್ತದೆ. ಪೈಲಟ್‌ಗಳು ಇಂಧನದ ಉಷ್ಣತೆಯ ಮೇಲೆ ಕಣ್ಣಿಟ್ಟಿರುತ್ತಾರೆ. ತೀರ ಇಳಿಯತೊಡಗಿದರೆ ವಿಮಾನವನ್ನು ಕೊಂಚ ಬೆಚ್ಚಗಿನ ಪದರಕ್ಕೆ ತರುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಗಾಳಿಯ ಉಜ್ಜಾಟಕ್ಕೆ ರೆಕ್ಕೆ ತುಸು ಬಿಸಿಯಾಗುತ್ತದೆ. ಕಾಂತ ದಿಕ್ಸೂಚಿ ಅಲ್ಲಿ ನಂಬುವಂತಿಲ್ಲ. ಸಮಭಾಜಕದ ಮೇಲೆ ನಿಂತಿರುವ ಸಂಪರ್ಕ ಉಪಗ್ರಹಗಳು 82 ಡಿಗ್ರಿ ದಾಟಿದರೆ ದಿಗಂತದ ಕೆಳಗೆ ಮರೆಯಾಗುತ್ತವೆ, ಹಾಗಾಗಿ ಹಳೆಯ ಎಚ್‌ಎಫ್ ರೇಡಿಯೊ ಕೈಯಲ್ಲಿರಬೇಕು. ಎಲ್ಲಾದರೂ ಹಿಮದ ನಾಡಿನಲ್ಲಿ ಇಳಿಯಬೇಕಾಗಿ ಬಂದರೆ ಹೊರಗೆ ಹೋಗಿ ನೋಡುವ ಸಿಬ್ಬಂದಿಗೆಂದು ಕಡುಚಳಿಯ ಉಡುಪುಗಳನ್ನೂ ಇಟ್ಟಿರುತ್ತಾರೆ. ಭಾರತದ ವಿಮಾನವೊಂದು ಧ್ರುವ ಮಾರ್ಗದಲ್ಲಿ ಮೊದಲು ಹಾರಿದ್ದು 2019ರ ಆಗಸ್ಟ್ 15ರಂದು, ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ.

ಅದೇ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗದಲ್ಲಿ ಅದಕ್ಕೂ ಮೂರು ವರ್ಷ ಮೊದಲು ಇನ್ನೂ ಸ್ವಾರಸ್ಯದ ಸಂಗತಿ ನಡೆದಿತ್ತು. ಅಲ್ಲಿಯವರೆಗೆ ಏರ್ ಇಂಡಿಯಾ ಪಶ್ಚಿಮಕ್ಕೆ, ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ವಿಮಾನವನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಹಾರಿಸಿದರು. ದೂರ 15,300 ಕಿಲೋಮೀಟರ್ ಆಯಿತು, ಹಳೆಯ ದಾರಿಗಿಂತ 1,400 ಹೆಚ್ಚು. ತಗುಲಿದ ಸಮಯ ಹದಿನಾಲ್ಕೂವರೆ ಗಂಟೆ, ಹಳೆಯ ದಾರಿಗಿಂತ ಕಡಿಮೆ. ಭಾಗಿಸಿ ನೋಡಿದರೆ ಗಂಟೆಗೆ ಸರಾಸರಿ 1,055 ಕಿಲೋಮೀಟರ್. ಬೋಯಿಂಗ್ 777 ತನ್ನ ಸ್ವಂತ ಶಕ್ತಿಯಿಂದ ಹಾರುವುದು ಗಂಟೆಗೆ ಸುಮಾರು 900. ಮಿಕ್ಕ ನೂರೈವತ್ತು ಗಾಳಿಯ ಕೊಡುಗೆ.

ಈ ಗಾಳಿಗೆ ಜೆಟ್ ಸ್ಟ್ರೀಮ್ ಎಂದು ಹೆಸರು. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ, ಕೆಲವು ನೂರು ಕಿಲೋಮೀಟರ್ ಅಗಲವಾಗಿ ಹರಿಯುವ ಗಾಳಿಯ ಹೊಳೆ. ಜಪಾನಿನ ವಾಸಾಬುರೊ ಓಯಿಶಿ ಎಂಬ ಹವಾಮಾನ ವಿಜ್ಞಾನಿ 1920ರ ದಶಕದಲ್ಲಿ ತಾತೆನೊ ವೀಕ್ಷಣಾಲಯದಿಂದ ಬಲೂನುಗಳನ್ನು ಬಿಟ್ಟು, ಅವು ಮೇಲೆ ಹೋದಂತೆ ಪೂರ್ವಕ್ಕೆ ಓಡುವ ರಭಸ ಅಳೆದು ಇದನ್ನು ದಾಖಲಿಸಿದ. ಲೋಕಕ್ಕೆಲ್ಲ ತಿಳಿಯಲಿ ಎಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದ. ಆ ಭಾಷೆ ಬಲ್ಲವರು ಜಗತ್ತಿನಲ್ಲಿ ಎಷ್ಟು ಜನ! ವರದಿ ಹೊರಗಿನ ಲೋಕದ ಗಮನಕ್ಕೆ ಬರಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ಬಿ-29 ವಿಮಾನಗಳು ಗುರಿಯ ಮೇಲೆ ನಿಲ್ಲಲಾಗದೆ ಒದ್ದಾಡಿದಾಗಲೇ ಆ ಗಾಳಿಯ ಬಲ ಎದುರಾಳಿಗಳಿಗೆ ಅರಿವಾದದ್ದು. ಜಪಾನೀಯರು ಅದೇ ಗಾಳಿಗೆ ಬಾಂಬು ಕಟ್ಟಿದ ಬಲೂನುಗಳನ್ನು ಒಪ್ಪಿಸಿದರು. ಒಂಬತ್ತು ಸಾವಿರಕ್ಕೂ ಹೆಚ್ಚು ಬಲೂನುಗಳನ್ನು ಬಿಟ್ಟರು; ಕೆಲವು ಪೆಸಿಫಿಕ್ ದಾಟಿ ಅಮೆರಿಕ ತಲುಪಿದವು. 1945ರ ಮೇ 5ರಂದು ಒರೆಗಾನ್ ರಾಜ್ಯದ ಕಾಡಿನಲ್ಲಿ ಅಂಥದೊಂದು ಸಿಡಿದು ವಿಹಾರಕ್ಕೆ ಬಂದಿದ್ದ ಆರು ಮಂದಿ ಸತ್ತರು.

ಗಾಳಿ ಕೊಡುವ ಉಡುಗೊರೆಯ ಇತ್ತೀಚಿನ ಉದಾಹರಣೆ 2020ರ ಫೆಬ್ರವರಿಯದು. ಸಿಯಾರಾ ಬಿರುಗಾಳಿ ಬೀಸುತ್ತಿದ್ದ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಟ್ಟಿತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,327 ಕಿಲೋಮೀಟರ್ ಮುಟ್ಟಿತ್ತು. ಶಬ್ದದ ವೇಗವನ್ನೇ ಮೀರಿತಲ್ಲ ಎಂದು ಕೆಲವರು ಬೆರಗಾದರು. ಮೀರಿರಲಿಲ್ಲ. ಸುತ್ತಲಿನ ಗಾಳಿಯೇ ಜತೆಯಲ್ಲಿ ಓಡುತ್ತಿದ್ದುದರಿಂದ ಆ ಗಾಳಿಯ ಮಟ್ಟಿಗೆ ವಿಮಾನದ ವೇಗ ಎಂದಿನಷ್ಟೇ ಇತ್ತು. ಅದೇ ಹೊತ್ತಿನಲ್ಲಿ ಎದುರು ದಿಕ್ಕಿಗೆ ಹೊರಟವರ ಪಾಡು ಮಾತ್ರ ಸುದ್ದಿಯಾಗಲಿಲ್ಲ.

ಒಂದು ದಿಕ್ಕಿಗೆ ಬೇಗ, ಇನ್ನೊಂದಕ್ಕೆ ತಡವಾಗುವುದು ಭೂಮಿ ತಿರುಗುವುದರಿಂದ ಎಂಬ ನಂಬಿಕೆ ಬಹಳ ಜನರಲ್ಲಿದೆ. ವಿಮಾನ ಸುಮ್ಮನೆ ಮೇಲೆ ನಿಂತರೆ ಕೆಳಗೆ ಊರೇ ಬಂದುಬಿಡಬೇಕಿತ್ತಲ್ಲ ಎಂದು ಮಕ್ಕಳು ಕೇಳುತ್ತಾರೆ, ದೊಡ್ಡವರು ಕೇಳಲು ನಾಚುತ್ತಾರೆ. ನೆಲದ ಜತೆಗೆ ವಾತಾವರಣವೂ ತಿರುಗುತ್ತಿರುವುದರಿಂದ ಆ ಲಾಭ ಸಿಗದು. ಭೂಮಿಯ ತಿರುಗಾಟ ಗಾಳಿಯನ್ನು ಪೂರ್ವಕ್ಕೆ ತಿರುಚುತ್ತದೆ, ಗಾಳಿ ವಿಮಾನವನ್ನು ತಳ್ಳುತ್ತದೆ. ಸಂಬಂಧ ಅಷ್ಟು ದೂರದ್ದು.

ನಮ್ಮ ಕಡೆಯ ಗಾಳಿಯ ಕಥೆ ಬೇರೆ. ಚಳಿಗಾಲದಲ್ಲಿ ಪಶ್ಚಿಮದ ಜೆಟ್ ಸ್ಟ್ರೀಮ್ ಹಿಮಾಲಯದ ದಕ್ಷಿಣಕ್ಕೆ ಸರಿದು ಉತ್ತರ ಭಾರತದ ಮೇಲೆ ಬೀಸುತ್ತದೆ. ದೆಹಲಿಯಿಂದ ಗುವಾಹಟಿಗೆ ಹೋಗುವುದಕ್ಕಿಂತ ಗುವಾಹಟಿಯಿಂದ ಮರಳುವುದಕ್ಕೆ ವೇಳಾಪಟ್ಟಿಯಲ್ಲೇ ಹೆಚ್ಚು ಹೊತ್ತು ಇಟ್ಟಿರುವುದು ಇದಕ್ಕೇ. ಮಳೆಗಾಲದಲ್ಲಿ ಅದು ಉತ್ತರಕ್ಕೆ ಹೋಗಿ, ದಕ್ಷಿಣ ಭಾರತದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಇನ್ನೊಂದು ಜೆಟ್ ಸ್ಟ್ರೀಮ್ ಹುಟ್ಟುತ್ತದೆ. ಅದನ್ನು 1950ರ ದಶಕದಲ್ಲಿ ವಿವರಿಸಿದವರು ಪಿ. ಕೋಟೇಶ್ವರಂ, ಮುಂದೆ ಅವರು ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥರಾದರು. ಮುಂಗಾರಿನ ಬೆಳವಣಿಗೆಗೆ ಅದು ತೀರ ಮುಖ್ಯ. ಆದರೆ ಅದರ ನಟ್ಟನಡುವಿನ ರಭಸ ಇರುವುದು ಹದಿನಾಲ್ಕು ಹದಿನಾರು ಕಿಲೋಮೀಟರ್ ಎತ್ತರದಲ್ಲಿ, ಪ್ರಯಾಣಿಕ ವಿಮಾನಗಳ ತಲೆಯ ಮೇಲೆ. ಬೆಂಗಳೂರು–ದೆಹಲಿ ಹಾರಾಟ ಹೆಚ್ಚುಕಡಿಮೆ ನೇರ ಉತ್ತರ–ದಕ್ಷಿಣವಾದ್ದರಿಂದ ಪೂರ್ವ–ಪಶ್ಚಿಮದ ಗಾಳಿ ಅದಕ್ಕೆ ಅಷ್ಟಾಗಿ ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ.

ಬೆಟ್ಟವನ್ನು ಬಳಸಿ ಹೋಗಬಹುದು, ಗಾಳಿಯನ್ನು ಕಾದು ಹಿಡಿಯಬಹುದು. ಗಡಿ ಮುಚ್ಚಿದರೆ ಏನೂ ಮಾಡುವಂತಿಲ್ಲ. ಬೆಂಗಳೂರಿನವರಿಗೆ ಇದು ಕೇಳಿದ ಸುದ್ದಿಯಲ್ಲ, ಅನುಭವಿಸಿದ್ದು. 2020ರಲ್ಲಿ ಅಮೆರಿಕದ ಎರಡು ದೊಡ್ಡ ಕಂಪನಿಗಳು ಬೆಂಗಳೂರಿಗೆ ನೇರ ವಿಮಾನ ಘೋಷಿಸಿದ್ದವು: ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ, ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೊದಿಂದ. ಕೋವಿಡ್ ಬಂದು ಎರಡೂ ಮುಂದಕ್ಕೆ ಹೋದವು. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ರಷ್ಯಾ ತನ್ನ ವಾಯುಪ್ರದೇಶವನ್ನು ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ಮುಚ್ಚಿತು. ಎರಡರಲ್ಲಿ ಒಂದೂ ಹಾರಲಿಲ್ಲ. ಗ್ಲೋಬಿನ ಮೇಲಿನ ದಾರವನ್ನು ಮತ್ತೆ ನೆನೆದರೆ ಕಾರಣ ಸ್ಪಷ್ಟ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದಾರಿಯ ದೊಡ್ಡ ತುಂಡು ಸೈಬೀರಿಯದ ಮೇಲಿದೆ. ಅದನ್ನು ಬಿಟ್ಟು ಅಮೆರಿಕದಿಂದ ಭಾರತಕ್ಕೆ ಪೆಸಿಫಿಕ್ ಮೇಲೆ ಬರಬೇಕೆಂದರೆ ಅದೇ ಜೆಟ್ ಸ್ಟ್ರೀಮಿಗೆ ಎದೆಯೊಡ್ಡಿ ಬರಬೇಕು. ಭಾರತದ ವಿಮಾನಗಳಿಗೆ ರಷ್ಯಾದ ಆಕಾಶ ತೆರೆದೇ ಇತ್ತು.

ತೆರೆದಿರುವುದರಲ್ಲೂ ಫಜೀತಿ ಇದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾದ 777ರ ಒಂದು ಎಂಜಿನ್ ತೊಂದರೆ ಕೊಟ್ಟಿತು. ವಿಮಾನ ಇಳಿದದ್ದು ರಷ್ಯಾದ ಪೂರ್ವ ತುದಿಯ ಮಗದಾನ್ ಎಂಬ ಊರಿನಲ್ಲಿ. 216 ಪ್ರಯಾಣಿಕರು, 16 ಸಿಬ್ಬಂದಿ. ಊರಿನ ಹೋಟೆಲುಗಳು ಸಾಲದೆ ಜನರನ್ನು ಶಾಲೆ, ಹಾಸ್ಟೆಲ್ಲುಗಳಲ್ಲಿ ಮಲಗಿಸಿದರು. ಭಾಷೆ ಬಾರದು, ಊಟ ಒಗ್ಗದು, ಮೊಬೈಲಿಗೆ ನೆಟ್‌ವರ್ಕ್ ಕಷ್ಟ. ಮುಂಬೈಯಿಂದ ಬೇರೆ ವಿಮಾನ ಕಳಿಸಿ ಅವರನ್ನು ಮುಂದಕ್ಕೆ ಕರೆದೊಯ್ದದ್ದು ಜೂನ್ 8ರಂದು. ಹದಿನಾರು ಗಂಟೆಯ ಪ್ರಯಾಣ ಮೂರನೇ ದಿನಕ್ಕೆ ಬಿತ್ತು.

ಫಿನ್‌ಲೆಂಡಿನ ಫಿನ್‌ಏರ್ ಕಂಪನಿಯ ವ್ಯಾಪಾರವೆಲ್ಲ ನಿಂತಿದ್ದದ್ದೇ ಯುರೋಪಿನಿಂದ ಪೂರ್ವ ಏಷ್ಯಕ್ಕೆ ಹತ್ತಿರದ ದಾರಿ ತಮ್ಮದು ಎಂಬ ಮಾತಿನ ಮೇಲೆ. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿದ್ದ ವಿಮಾನ ರಷ್ಯಾ ಮುಚ್ಚಿದ ಮೇಲೆ ಧ್ರುವ ಸುತ್ತಿ ಹದಿಮೂರು ಗಂಟೆ ತೆಗೆದುಕೊಳ್ಳತೊಡಗಿತು. ಬೇಸರ ಮರೆಯಲೆಂದೋ ಏನೋ, ಉತ್ತರ ಧ್ರುವ ದಾಟಿದಿರಿ ಎಂದು ಪ್ರಯಾಣಿಕರಿಗೆ ಒಂದು ಪ್ರಮಾಣಪತ್ರವನ್ನೂ ಕೊಡುತ್ತಾರೆ.

ಇನ್ನೂ ಹತ್ತಿರದ ಉದಾಹರಣೆ ತಾಷ್ಕೆಂಟಿನದು. ದೆಹಲಿಯಿಂದ ಬೆಂಗಳೂರಿಗೆ ವಿಮಾನದ ದೂರ ಸುಮಾರು 1,700 ಕಿಲೋಮೀಟರ್. ದೆಹಲಿಯಿಂದ ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಸುಮಾರು 1,580. ಅಂದರೆ ದೆಹಲಿಯವರಿಗೆ ಬೆಂಗಳೂರಿಗಿಂತ ತಾಷ್ಕೆಂಟ್ ಹತ್ತಿರ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಇಂಡಿಗೊ ತನ್ನ ತಾಷ್ಕೆಂಟ್ ಮತ್ತು ಅಲ್ಮಾಟಿ ಹಾರಾಟಗಳನ್ನು ನಿಲ್ಲಿಸಿತು. ಪಾಕಿಸ್ತಾನವನ್ನು ಬಳಸಿ ಹೋದರೆ ತಮ್ಮ ವಿಮಾನಗಳ ಅಳವಿಗೆ ಆ ಊರುಗಳು ಸಿಗುವುದಿಲ್ಲ ಎಂಬುದು ಕಾರಣ. ಬೆಂಗಳೂರಿಗೆ ದಿನಕ್ಕೆ ಹತ್ತಾರು ಬಾರಿ ಹಾರುವ ವಿಮಾನಗಳೇ ಅದಕ್ಕಿಂತ ಹತ್ತಿರದ ಊರನ್ನು ಮುಟ್ಟಲಾರದೆ ಹೋದವು. 2019ರಲ್ಲೂ ಹೀಗೇ ಆಗಿ ಇಂಡಿಗೊದ ದೆಹಲಿ–ಇಸ್ತಾಂಬುಲ್ ವಿಮಾನ ಇಂಧನಕ್ಕಾಗಿ ದೋಹಾದಲ್ಲಿ ಇಳಿದು ಹೋಗಬೇಕಾಗಿತ್ತು.

ಸುತ್ತುದಾರಿಗೆ ಇನ್ನಷ್ಟು ಇಂಧನ ತುಂಬಿಕೊಂಡರಾಯಿತಲ್ಲ ಎನ್ನಬಹುದು. ಆ ಲೆಕ್ಕ ಅಷ್ಟು ಉದಾರವಲ್ಲ. ಬೆಂಗಳೂರಿಗೆ ಬಂದ 777-200ಎಲ್‌ಆರ್ ಮಾದರಿ ಟೇಕಾಫ್ ಆಗುವಾಗ ಗರಿಷ್ಠ 347 ಟನ್ ತೂಗಬಹುದು. ಟ್ಯಾಂಕು ತುಂಬಿದರೆ ಇಂಧನದ ತೂಕವೇ ಹತ್ತಿರ ಹತ್ತಿರ 145 ಟನ್. ಹೆಚ್ಚಿಗೆ ಹೊತ್ತ ಇಂಧನದ ಒಂದು ಪಾಲು ಆ ಇಂಧನವನ್ನು ಹೊರುವುದಕ್ಕೇ ಉರಿದುಹೋಗುತ್ತದೆ. ಜನ, ಸಾಮಾನು ಕಡಿಮೆ ಮಾಡಿದರೆ ಎಷ್ಟು ದೂರ ಹೋಗಬಹುದು ಎಂದು ತೋರಿಸಲು ಬೋಯಿಂಗ್ 2005ರ ನವೆಂಬರಿನಲ್ಲಿ ಇದೇ ಮಾದರಿಯನ್ನು ಹಾಂಗ್‌ಕಾಂಗಿನಿಂದ ಲಂಡನ್ನಿಗೆ ಉದ್ದೇಶಪೂರ್ವಕವಾಗಿ ತಪ್ಪು ದಿಕ್ಕಿನಲ್ಲಿ, ಪೂರ್ವಕ್ಕೆ ಹಾರಿಸಿತು. ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ಎಲ್ಲ ದಾಟಿ 21,602 ಕಿಲೋಮೀಟರನ್ನು 22 ಗಂಟೆ 42 ನಿಮಿಷದಲ್ಲಿ, ಎಲ್ಲೂ ನಿಲ್ಲದೆ. ಟಿಕೆಟ್ ಮಾರಿ ಹಾರಿಸುವ ವಿಮಾನಕ್ಕೆ ಆ ಷೋಕಿ ನಡೆಯದು.

ವೇಗ ಹೆಚ್ಚಿಸುವುದೂ ಸುಲಭವಿಲ್ಲ. 1960ರ ದಶಕದ ಬೋಯಿಂಗ್ 707ಕ್ಕೂ ಈಗಿನ ಹೊಸ ವಿಮಾನಕ್ಕೂ ವೇಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಶಬ್ದದ ವೇಗದ ಶೇ 85ರ ಆಚೆಗೆ ಗಾಳಿಯ ತಡೆ ಒಮ್ಮೆಲೇ ಏರಿ ಇಂಧನ ಕುಡಿಯತೊಡಗುತ್ತದೆ. ಅದನ್ನು ದಾಟಿ ಹೋದ ಕಾಂಕಾರ್ಡ್ ವಿಮಾನ 1996ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಲಂಡನ್ನಿಗೆ 2 ಗಂಟೆ 53 ನಿಮಿಷದೊಳಗೆ ಬಂದಿತ್ತು. 2003ರಲ್ಲಿ ಅದರ ಹಾರಾಟವೇ ನಿಂತಿತು.

ಗಡಿಯಾರದ ಗೊಂದಲವೂ ಇದರ ಜತೆಗಿದೆ. ಬೆಂಗಳೂರಿನಲ್ಲಿ ಜನವರಿಯ ಒಂದು ಮಧ್ಯಾಹ್ನ ಎರಡೂವರೆಗೆ ವಿಮಾನ ಹತ್ತಿ ಹದಿನಾರು ಗಂಟೆ ಹಾರಿದವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದೇ ದಿನ ಸಂಜೆ ಐದಕ್ಕೆ ಇಳಿಯುತ್ತಾರೆ. ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದೂಡುವುದರಿಂದ ಆಗ ಅಂತರ ಹನ್ನೆರಡೂವರೆ. ಮಗನ ಮನೆಗೆ ಹೊರಟ ಅಪ್ಪ ಅಮ್ಮ ಟಿಕೆಟ್ ನೋಡಿ ‘ಎರಡೂವರೆ ಗಂಟೆ ತಾನೇ’ ಎಂದು ನಗುವುದು ಇದನ್ನೇ. ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯವನ್ನೇ ಬರೆಯುವುದು ರೂಢಿ. ಪ್ರಯಾಣದ ನಿಜವಾದ ಅವಧಿಯನ್ನು ಬೇರೆಯಾಗಿ ಸಣ್ಣಕ್ಷರದಲ್ಲಿ ಕೊಟ್ಟಿರುತ್ತಾರೆ.

ಆ ಅವಧಿಯೂ ಬರಿಯ ಹಾರಾಟದ ಅವಧಿಯಲ್ಲ. ವಿಮಾನ ನಿಂತಿರುವಾಗ ಚಕ್ರಗಳ ಹಿಂದೆ ಮುಂದೆ ಹಳದಿ ಬಣ್ಣದ ಅಡ್ಡೆಗಳನ್ನು ಕೊಟ್ಟಿರುತ್ತಾರೆ, ಲಾರಿಯ ಚಕ್ರಕ್ಕೆ ಕಲ್ಲು ಕೊಟ್ಟ ಹಾಗೆ. ವಿಮಾನದವರು ಅದಕ್ಕೆ ಚಾಕ್ಸ್ ಎನ್ನುತ್ತಾರೆ. ಹೊರಡುವ ಊರಿನಲ್ಲಿ ಚಾಕ್ಸ್ ತೆಗೆದಾಗಿನಿಂದ ತಲುಪಿದ ಊರಿನಲ್ಲಿ ಚಾಕ್ಸ್ ಕೊಡುವವರೆಗಿನ ಹೊತ್ತು ಬ್ಲಾಕ್ ಟೈಮ್. ಟಿಕೆಟ್ ಮೇಲಿರುವುದು ಅದೇ. ಬೆಂಗಳೂರು–ಮುಂಬೈ ದೂರ ಸುಮಾರು 830 ಕಿಲೋಮೀಟರ್. ಗಾಳಿಯಲ್ಲಿರುವುದು ಒಂದೂಕಾಲು, ಒಂದೂವರೆ ಗಂಟೆ. ವೇಳಾಪಟ್ಟಿಯಲ್ಲಿ ಅದು ಎರಡು ಗಂಟೆಯ ಹತ್ತಿರ ಬರುತ್ತದೆ. ರನ್‌ವೇಯ ತನಕ ಉರುಳುವುದು, ಸರದಿಯಲ್ಲಿ ನಿಲ್ಲುವುದು, ಮುಂಬೈಯ ಮೇಲೆ ಅನುಮತಿ ಸಿಗುವ ತನಕ ಸುತ್ತು ಹಾಕುವುದು ಎಲ್ಲ ಅದರಲ್ಲಿ ಸೇರಿವೆ. ಒಂದಷ್ಟು ನಿಮಿಷಗಳನ್ನು ಕಂಪನಿಗಳು ಮೊದಲೇ ಕೈಗಾವಲಿಗೆ ಸೇರಿಸಿಡುತ್ತವೆ. ನಿಗದಿಯಾದ ಹೊತ್ತಿನಿಂದ ಹದಿನೈದು ನಿಮಿಷದೊಳಗಿದ್ದರೆ ಸರ್ಕಾರಿ ಲೆಕ್ಕದಲ್ಲಿ ಅದು ‘ಸಮಯಕ್ಕೆ ಸರಿ’. ‘ಇಪ್ಪತ್ತು ನಿಮಿಷ ಮುಂಚೆ ತಲುಪಿದ್ದೇವೆ’ ಎಂದು ಪೈಲಟ್ ಉತ್ಸಾಹದಿಂದ ಸಾರುವುದರ ಹಿಂದಿನ ಗುಟ್ಟು ಬಹಳ ಸಲ ಈ ಕೈಗಾವಲೇ.

ದೂರ ಕಡಿಮೆಯಾದಷ್ಟೂ ಈ ಹೆಚ್ಚುವರಿ ಹೊತ್ತಿನ ಪಾಲು ದೊಡ್ಡದು. ಬೆಂಗಳೂರು–ಮಂಗಳೂರು ವಿಮಾನದ ದೂರ ಬರೀ 300 ಕಿಲೋಮೀಟರ್. ಗಂಟೆಗೆ 830 ಕಿಲೋಮೀಟರ್ ಹಾರಬಲ್ಲ ಏರ್‌ಬಸ್ಸೂ, 500 ಹಾರುವ ಪಂಖದ ಎಟಿಆರ್ ವಿಮಾನವೂ ಅಲ್ಲಿಗೆ ಹೆಚ್ಚುಕಡಿಮೆ ಒಂದೇ ಗಂಟೆ ತೆಗೆದುಕೊಳ್ಳುತ್ತವೆ. ಹನ್ನೊಂದು ಕಿಲೋಮೀಟರ್ ಎತ್ತರದಿಂದ ನಿಧಾನಕ್ಕೆ ಇಳಿಯಲು ಜೆಟ್ ವಿಮಾನಕ್ಕೆ ಸುಮಾರು 200 ಕಿಲೋಮೀಟರ್ ಬೇಕು. ಮಂಗಳೂರಿನ ದಾರಿಯಲ್ಲಿ ಅಷ್ಟು ಎತ್ತರಕ್ಕೆ ಏರುವ ಮಾತೇ ಇಲ್ಲ. ಏರಿ ಮುಗಿಯುವಷ್ಟರಲ್ಲಿ ಘಟ್ಟ ದಾಟಿ ಇಳಿಯಲು ಶುರು ಮಾಡಬೇಕು. ಏರ್‌ಬಸ್ಸಿಗೆ ತನ್ನ ವೇಗ ತೋರಿಸಲು ಜಾಗವೇ ಸಿಗುವುದಿಲ್ಲ.

ನೆಲದ ಮೇಲಿನ ದೂರ ಇನ್ನೂ ಬಾಕಿ. 2008ರ ಮೇ 24ರಂದು ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಹೋದ ಮೇಲೆ ಬೆಂಗಳೂರಿನಿಂದ ಯಾವ ಊರಿಗೂ ಆಕಾಶದ ದೂರದಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ಜಯನಗರದವರಿಗೆ ಮಾತ್ರ ಚೆನ್ನೈ ಒಂದು ಗಂಟೆ ದೂರವಾಯಿತು. ಮನೆ ಬಿಟ್ಟು ದೇವನಹಳ್ಳಿ ಸೇರಲು ಒಂದೂವರೆ ಗಂಟೆ, ಭದ್ರತಾ ತಪಾಸಣೆಗೆಂದು ಒಂದೂವರೆ ಗಂಟೆ ಮುಂಚೆ, ಟಿಕೆಟ್ಟಿನ ಒಂದು ಗಂಟೆ, ಮೀನಂಬಾಕ್ಕಂನಲ್ಲಿ ಬ್ಯಾಗು ಕಾದು ಊರೊಳಗೆ ಹೋಗಲು ಇನ್ನೊಂದು ಗಂಟೆ. ಒಟ್ಟು ಐದು. ಮೆಜೆಸ್ಟಿಕ್‌ನ ಪಕ್ಕದಿಂದ ಹೊರಡುವ ವಂದೇ ಭಾರತ್ ರೈಲು ಚೆನ್ನೈ ಸೆಂಟ್ರಲ್ಲಿಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಹೋಗುತ್ತದೆ, ಬ್ಯಾಗು ಕೈಯಲ್ಲೇ ಇರುತ್ತದೆ.